ಲ್ಯಾಪ್‌ಟಾಪ್ ಬ್ಯಾಟರಿ ಇದ್ದಕ್ಕಿದ್ದಂತೆ ಕೈಕೊಟ್ಟಿದೆ, 20ನೇ ತಾರೀಕು ಹತ್ತಿರ ಬಂತು. ಏನು ಮಾಡಲಿ?

ಬಟವಾಡಿ ಲೆಕ್ಕ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ಹೆಚ್ಚಿನವು ಮಂಡಿಪೇಟೆಯ ದಿನಸಿ ಅಂಗಡಿಗಳು, ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು. ನಿನ್ನೆ ರಾತ್ರಿ ಚಾರ್ಜರ್ ತೆಗೆದು ಹಾಲ್‌ನಲ್ಲಿ ಕೂತು ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬಿಲ್ ಹಾಕುತ್ತಿದ್ದೆ. ಬ್ಯಾಟರಿ 38 ಪರ್ಸೆಂಟ್ ಇತ್ತು. ಪಟ್ ಅಂತ ಆಫ್ ಆಯಿತು. ಎಚ್ಚರಿಕೆ ಇಲ್ಲ, ಏನಿಲ್ಲ.

ಈಗ ಚಾರ್ಜರ್ ಹಾಕಿದರೆ ಆನ್ ಆಗುತ್ತದೆ, ಆದರೆ ಬ್ಯಾಟರಿ 0 ಪರ್ಸೆಂಟ್‌ನಲ್ಲೇ ನಿಂತಿದೆ. ಪ್ಲಗ್ ಕಿತ್ತ ಕ್ಷಣ ಸ್ಕ್ರೀನ್ ಕಪ್ಪು. ನಮ್ಮ ಕಡೆ ಸಂಜೆ ಹೊತ್ತು ಕರೆಂಟ್ ಬಂದು ಹೋಗಿ ಮಾಡುತ್ತದೆ, ಹೀಗೆ ಕೆಲಸ ಮಾಡುವುದಕ್ಕೆ ಭಯ. 20ರ ಒಳಗೆ ಎಲ್ಲರ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಹಾಕಲೇಬೇಕು, ತಡವಾದರೆ ದಂಡ ಕಟ್ಟುವವರು ಅಂಗಡಿಯವರು.

ಲ್ಯಾಪ್‌ಟಾಪ್‌ಗೆ ಮೂರು ವರ್ಷ ದಾಟಿದೆ, ವಾರಂಟಿ ಮುಗಿದಿದೆ. ಹೋಗಿರುವುದು ಬ್ಯಾಟರಿಯಾ, ಚಾರ್ಜರಾ, ಇಲ್ಲ ಮದರ್‌ಬೋರ್ಡಾ? ಹೇಗೆ ಗೊತ್ತು ಮಾಡಿಕೊಳ್ಳುವುದು? ಟಚ್‌ಪ್ಯಾಡಿನ ಎಡಗಡೆ ಕೂಡ ಈಚೆಗೆ ಗಟ್ಟಿಯಾಗಿದೆ, ಒತ್ತಿದರೆ ಕ್ಲಿಕ್ ಆಗುವುದಿಲ್ಲ. ಅದು ಬೇರೆ ವಿಷಯ, ಆಮೇಲೆ ನೋಡೋಣ. ಮೊದಲು ಬ್ಯಾಟರಿ ಬಗ್ಗೆ ಹೇಳಿ.

ಕೋಲಾರ ಮೇಷ್ಟ್ರು (ಕೋಲಾರ)

ಮೇಡಂ, ಗಾಬರಿ ಬೇಡ. ಮೊದಲು ಚಾರ್ಜರ್ ಮೇಲಿನ ಅನುಮಾನ ಬಗೆಹರಿಸಿಕೊಳ್ಳಿ. ಕೆಲವು ಕಂಪನಿಗಳ ಚಾರ್ಜರ್ ಪಿನ್‌ನ ನಡುವೆ ಸೂಜಿಯಂಥ ತೆಳು ಕಡ್ಡಿ ಇರುತ್ತದೆ. ಚಾರ್ಜರ್ ಎಷ್ಟು ವ್ಯಾಟಿನದು ಅಂತ ಲ್ಯಾಪ್‌ಟಾಪಿಗೆ ಹೇಳುವುದು ಅದೇ. ಅದು ಸೊಟ್ಟಗಾದರೆ, ಒಳಗಿನ ತಂತಿ ತುಂಡಾದರೆ, ಲ್ಯಾಪ್‌ಟಾಪ್ ಕರೆಂಟಿನಲ್ಲಿ ಓಡುತ್ತದೆ, ಬ್ಯಾಟರಿಗೆ ಮಾತ್ರ ಚಾರ್ಜ್ ಬಿಡುವುದಿಲ್ಲ. ಜೊತೆಗೆ ತುಂಬಾ ನಿಧಾನವಾಗುತ್ತದೆ. ನಮ್ಮ ಶಾಲೆಯ ಲ್ಯಾಪ್‌ಟಾಪ್ ಒಂದನ್ನು ಎಲ್ಲರೂ ಬ್ಯಾಟರಿ ಹೋಗಿದೆ ಅಂತಲೇ ಬದಿಗಿಟ್ಟಿದ್ದರು. ಅದೇ ವ್ಯಾಟಿನ ಬೇರೆ ಚಾರ್ಜರ್ ಹಾಕಿದ ಮೇಲೆ ಸರಿಯಾಯಿತು.

ಎರಡನೆಯದು, ಪವರ್ ರೀಸೆಟ್. ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ ಸಿಕ್ಕಿಹಾಕಿಕೊಂಡಿದ್ದರೆ ಇಷ್ಟರಲ್ಲೇ ಬಿಟ್ಟುಕೊಳ್ಳುತ್ತದೆ.

ಇನ್ನು, ವಿಂಡೋಸ್ ಶುರುವಾಗುವ ಮೊದಲೇ ಬಯೋಸ್ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಯ ಆರೋಗ್ಯ ಅಲ್ಲೇ ಬರೆದಿರುತ್ತದೆ. ಅಲ್ಲೂ ಬ್ಯಾಟರಿ ಕಾಣಿಸದಿದ್ದರೆ ವಿಂಡೋಸನ್ನು ಬೈದು ಪ್ರಯೋಜನ ಇಲ್ಲ.

ಚಿಂತಾಮಣಿ ಟೊಮೆಟೊ (ಚಿಕ್ಕಬಳ್ಳಾಪುರ ಜಿಲ್ಲೆ)

ಕಂಪನಿಯ ಆ್ಯಪ್‌ನಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಏನಾದರೂ ಆನ್ ಆಗಿದೆಯಾ ನೋಡಿ ಅಕ್ಕ. ಅದು ಆನ್ ಇದ್ದರೆ 60ಕ್ಕೋ 80ಕ್ಕೋ ಚಾರ್ಜ್ ನಿಲ್ಲುತ್ತದೆ, "ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್" ಅಂತ ಬರುತ್ತದೆ. ನನ್ನ ತಮ್ಮ ಅದನ್ನೇ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹೊರಟಿದ್ದ. ಆದರೆ ನಿಮ್ಮದು ಸೊನ್ನೆಯಲ್ಲೇ ನಿಂತಿದೆ, ಅದಲ್ಲ ಅನಿಸುತ್ತದೆ.

ಮಧುಗಿರಿ ಕೋಟೆ (ತುಮಕೂರು ಜಿಲ್ಲೆ)

ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಅದಕ್ಕೆ ದುಡ್ಡು ಬೇಡ, ಆ್ಯಪ್ ಬೇಡ. ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಅದರಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಬಲಕ್ಕೆ ವಾಲಿದ ಸ್ಲ್ಯಾಶ್, ಅದಕ್ಕೆ ಅಂಟಿಕೊಂಡೇ ಬ್ಯಾಟರಿರಿಪೋರ್ಟ್, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ. ಎಂಟರ್ ಒತ್ತಿದರೆ ಫೈಲ್ ಎಲ್ಲಿ ಸೇವ್ ಆಯಿತು ಅಂತ ಅದೇ ಹೇಳುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆಯಿರಿ.

ಡಿಸೈನ್ ಕೆಪಾಸಿಟಿ ಅಂದರೆ ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು ಅನ್ನುವುದು. ಫುಲ್ ಚಾರ್ಜ್ ಕೆಪಾಸಿಟಿ ಅಂದರೆ ಈಗ ಎಷ್ಟು ಹಿಡಿಯುತ್ತದೆ ಅನ್ನುವುದು. ಎರಡನ್ನೂ ಇಲ್ಲಿ ಹಾಕಿ.

ಬಟವಾಡಿ ಲೆಕ್ಕ

ತುಂಬಾ ಥ್ಯಾಂಕ್ಸ್. ಪಕ್ಕದ ಮನೆಯವರ ಹತ್ತಿರ ಅದೇ ಕಂಪನಿಯ, ಅದೇ ವ್ಯಾಟಿನ ಚಾರ್ಜರ್ ಇತ್ತು. ಹಾಕಿ ನೋಡಿದೆ, ಬದಲಾವಣೆ ಇಲ್ಲ. ರೀಸೆಟ್ಟಿಗೂ ಬಗ್ಗಲಿಲ್ಲ. ರಿಪೋರ್ಟ್‌ನಲ್ಲಿ ಡಿಸೈನ್ 41,040, ಫುಲ್ ಚಾರ್ಜ್ 18,300 ಅಂತ ಇದೆ. ಕೆಳಗೆ ವಾರವಾರದ ಪಟ್ಟಿಯೂ ಇದೆ. ಯುಗಾದಿಯಿಂದ ಈಚೆಗೆ ಇಳಿಯುತ್ತಲೇ ಬಂದಿದೆ.

ಮಧುಗಿರಿ ಕೋಟೆ

ಹಾಗಾದರೆ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಬ್ಯಾಟರಿಯೇ ಹೋಗಿರುವುದು. ನೀವು ಯಾವಾಗಲೂ ಪ್ಲಗ್ ಹಾಕಿಯೇ ಕೆಲಸ ಮಾಡುವವರಾದರೆ ಇಳಿಯುತ್ತಿರುವುದು ಗೊತ್ತೇ ಆಗುವುದಿಲ್ಲ. ಒಂದು ದಿನ ಪ್ಲಗ್ ತೆಗೆದಾಗ ಒಮ್ಮೆಲೇ ಹೋದಂತೆ ಕಾಣುತ್ತದೆ.

ಶಿರಾ ಗೇಟ್ ರಿಪೇರಿ (ತುಮಕೂರು)

ಮೇಡಂ, ಈಗಷ್ಟೇ ನೋಡಿದೆ. ಉಳಿದದ್ದೆಲ್ಲ ಬಿಡಿ, ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ ಚಾರ್ಜರ್ ಕೀಳಿ. ಆಮೇಲೆ ಓದಿ.

ಟಚ್‌ಪ್ಯಾಡ್ ಗಟ್ಟಿಯಾಗಿದೆ ಅಂದಿರಲ್ಲ, ಅದು ಬೇರೆ ವಿಷಯ ಅಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದೇ ಟಚ್‌ಪ್ಯಾಡ್ ಕೆಳಗೆ, ಕೈ ಊರುವ ಜಾಗದಲ್ಲಿ. ಸೆಲ್ ಊದಿದರೆ ಮೊದಲು ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತದೆ. ಕ್ಲಿಕ್ ಆಗುವುದಕ್ಕೆ ಸಂದು ಇರುವುದಿಲ್ಲ. ನನ್ನ ಅಂಗಡಿಗೆ "ಟಚ್‌ಪ್ಯಾಡ್ ರಿಪೇರಿ" ಅಂತ ಬರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಸರಿಯಾಗಿಯೇ ಇರುತ್ತದೆ, ಊದಿರುವುದು ಬ್ಯಾಟರಿ.

ಆಫ್ ಮಾಡಿದ ಮೇಲೆ ಮುಚ್ಚಿ, ಸಮತಟ್ಟಾದ ಟೇಬಲ್ ಮೇಲೆ ಇಡಿ. ಮೂಲೆ ಮೇಲೆ ಬೆರಳಿಟ್ಟರೆ ಆಚೀಚೆ ಅಲ್ಲಾಡುತ್ತದೆಯಾ? ಕೆಳಗಿನ ಮುಚ್ಚಳದ ಅಂಚಿನಲ್ಲಿ ಸೀಳು ಬಿಟ್ಟಿದೆಯಾ? ಮುಚ್ಚಿದಾಗ ಸ್ಕ್ರೀನ್ ಪೂರ್ತಿ ಕೂರುತ್ತದೆಯಾ? ಇಷ್ಟು ನೋಡಿ. ಒತ್ತಿ ಸರಿಮಾಡಲು ಹೋಗಬೇಡಿ.

ಬಟವಾಡಿ ಲೆಕ್ಕ

ಆಫ್ ಮಾಡಿದೆ. ಅಲ್ಲಾಡುತ್ತದೆ. ಮುಂದಿನ ಅಂಚಿನಲ್ಲಿ ಎಟಿಎಂ ಕಾರ್ಡ್ ತೂರುವಷ್ಟು ಸಂದು ಬಿಟ್ಟಿದೆ. ಮನೆಯಲ್ಲಿ ಚಿಕ್ಕ ಮಗು ಇದೆ, ಈಗ ನಿಜವಾಗಲೂ ಭಯ ಆಗುತ್ತಿದೆ. ಸಿಡಿಯುತ್ತದಾ?

ಶಿರಾ ಗೇಟ್ ರಿಪೇರಿ

ಊದಿದ್ದೆಲ್ಲ ಸಿಡಿಯುವುದಿಲ್ಲ ಮೇಡಂ. ಚಾರ್ಜ್ ಮಾಡದೆ, ಚುಚ್ಚದೆ, ಬಗ್ಗಿಸದೆ, ಬಿಸಿಯಾಗಲು ಬಿಡದೆ ಇದ್ದರೆ ಹೆಚ್ಚಿನವು ಸುಮ್ನೆ ಇರುತ್ತವೆ. ಆದರೂ ಇವತ್ತು ರಾತ್ರಿ ಹಾಸಿಗೆ, ಪರದೆ, ಪೇಪರ್ ರಾಶಿ ಇರುವ ಕಡೆ ಇಡಬೇಡಿ. ಬಿಸಿಲು ಬೀಳದ ಕಡೆ, ಬರೀ ನೆಲದ ಮೇಲೆ, ಮಗುವಿನ ಕೈಗೆ ಸಿಗದಂತೆ ಇಡಿ. ನೇಲ್ ಪಾಲಿಶ್‌ನಂಥ ಸಿಹಿ ವಾಸನೆ ಬಂದರೆ, ಬಿಸಿಯಾದರೆ, ಹೊಗೆ ಬಂದರೆ ಹತ್ತಿರ ಹೋಗಬೇಡಿ. ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ, ಬರೀ ಬೆಂಕಿಯ ಮಾತಲ್ಲ.

ಬೆಳಿಗ್ಗೆ ಹತ್ತಿರದ ಯಾವುದಾದರೂ ಗೊತ್ತಿರುವ ಅಂಗಡಿಗೆ ಒಯ್ದು ಬ್ಯಾಟರಿ ಬಿಚ್ಚಿಸಿ. ಸ್ಕೂಟರ್ ಡಿಕ್ಕಿಯಲ್ಲಿ ಬೇಡ, ಅಲ್ಲಿ ಬಿಸಿ. ಬ್ಯಾಗಿನಲ್ಲಿ ಬೇರೆ ಏನೂ ಒತ್ತದಂತೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಬಿಚ್ಚಿ ಹಾಕಿದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳು ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಕೀ ಕೇಳುತ್ತವೆ. 48 ಅಂಕಿ ಇರುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಫೋನಿನಿಂದ ಲಾಗಿನ್ ಆಗಿ ಆ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅದು ಸಿಗದೆ ಲೆಕ್ಕವೆಲ್ಲ ಒಳಗೇ ಸಿಕ್ಕಿಹಾಕಿಕೊಂಡು ಅತ್ತವರನ್ನು ನೋಡಿದ್ದೇನೆ.

ಕೋಲಾರ ಮೇಷ್ಟ್ರು

ರಿಪೇರಿಯವರು ಹೇಳಿದ್ದೇ ಸರಿ. ಊದಿರುವುದು ಗೊತ್ತಾದ ಮೇಲೆ ರೀಸೆಟ್, ಬಯೋಸ್ ಯಾವುದೂ ಬೇಡ. ಈ ಚರ್ಚೆ ಮುಂದೆ ಓದುವವರೂ ಮೊದಲು ಊದಿದೆಯಾ ಅಂತ ನೋಡಿ, ಆಮೇಲೆ ನನ್ನ ಮೇಲಿನ ಬರಹಕ್ಕೆ ಬನ್ನಿ.

ಕ್ಯಾತ್ಸಂದ್ರ ಹಾಸ್ಟೆಲ್ (ತುಮಕೂರು)

ಅಣ್ಣ, ಒಂದು ಅರ್ಥ ಆಗಲಿಲ್ಲ. 38 ಇದ್ದಾಗ ಹೇಗೆ ಆಫ್ ಆಗುತ್ತದೆ? ಆಮೇಲೆ ಊದುವುದು ಯಾಕೆ?

ಶಿರಾ ಗೇಟ್ ರಿಪೇರಿ

ಒಳ್ಳೆಯ ಪ್ರಶ್ನೆ ತಮ್ಮಾ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಅರ್ಧ ಜನ ಮೋಸ ಹೋಗುವುದು ತಪ್ಪುತ್ತದೆ.

ಮೇಡಂ ಲ್ಯಾಪ್‌ಟಾಪಿನಂಥ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಮೂರು ಸೆಲ್ ಸಾಲಾಗಿ ಇರುತ್ತವೆ. ಒಂದೊಂದು ಪೂರ್ತಿ ಚಾರ್ಜ್ ಆದಾಗ ಸುಮಾರು 4.2 ವೋಲ್ಟ್, ಬಳಸುತ್ತಾ ಹೋದರೆ 3ರ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕಿಂತ ತುಂಬಾ ಇಳಿಯಬಾರದು. ಜೊತೆಗೆ ಒಂದು ಸಣ್ಣ ಬೋರ್ಡ್ ಇರುತ್ತದೆ. ಎಷ್ಟು ಕರೆಂಟ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಅಂತ ಲೆಕ್ಕ ಇಟ್ಟು ಪರ್ಸೆಂಟ್ ತೋರಿಸುವುದು ಅದೇ. ಅಂದರೆ 38 ಅನ್ನುವುದು ಅಂದಾಜು ಲೆಕ್ಕ, ನೇರವಾಗಿ ಅಳೆದದ್ದಲ್ಲ.

ಮೂರರಲ್ಲಿ ಒಂದು ಸೆಲ್ ಸೋತಿದೆ ಅಂತ ಇಟ್ಟುಕೊ. ಹಳೆಯ ಸೆಲ್‌ಗೆ ಒಳಗಿನ ತಡೆ ಜಾಸ್ತಿ. ಲ್ಯಾಪ್‌ಟಾಪ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ಅದರ ವೋಲ್ಟೇಜ್ ಧೊಪ್ಪನೆ ಬೀಳುತ್ತದೆ. ಉಳಿದ ಎರಡು ಚೆನ್ನಾಗಿದ್ದರೂ ಬೋರ್ಡ್ ಲೈನ್ ಕಡಿದುಬಿಡುತ್ತದೆ, ಕಡಿಯಲೇಬೇಕು. ಅದಕ್ಕೇ ವಿಂಡೋಸಿಗೆ ಎಚ್ಚರಿಕೆ ಕೊಡಲೂ ಸಮಯ ಸಿಗುವುದಿಲ್ಲ. ಕೆಲವು ಬೋರ್ಡ್‌ಗಳು ಒಮ್ಮೆ ಇಂಥ ದೋಷ ಕಂಡರೆ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತವೆ. "ಅದನ್ನು ಅನ್‌ಲಾಕ್ ಮಾಡಿಕೊಡುತ್ತೇವೆ, ಸೆಲ್ ಬದಲಿಸಿಕೊಡುತ್ತೇವೆ" ಅನ್ನುವವರ ಹತ್ತಿರ ಹೋಗಬೇಡಿ. ಬೋರ್ಡ್ ಬೀಗ ಹಾಕಿಕೊಂಡಿರುವುದು ನಿಮ್ಮ ಮನೆ ಉಳಿಸುವುದಕ್ಕೆ.

ಊದುವುದಕ್ಕೆ ಕಾರಣ ಒಳಗಿನ ದ್ರವ. ವಯಸ್ಸಾದಂತೆ ಅದು ಒಡೆದು ಗ್ಯಾಸ್ ಆಗುತ್ತದೆ, ಗಾಳಿಯಾಡದ ಚೀಲದಲ್ಲಿ ಅದು ಎಲ್ಲಿಗೆ ಹೋಗಬೇಕು? ಎರಡು ಸಂಗತಿ ಇದನ್ನು ಬೇಗ ಮಾಡುತ್ತವೆ. ಒಂದು ಬಿಸಿ. ಇನ್ನೊಂದು ಯಾವಾಗಲೂ 100ರಲ್ಲೇ ನಿಂತಿರುವುದು. ಬೇಸಿಗೆಯಲ್ಲಿ ಶೀಟ್ ಮನೆಯಲ್ಲಿ, ದಿನವಿಡೀ ಪ್ಲಗ್ ಹಾಕಿಕೊಂಡು, ಹಾಸಿಗೆ ಮೇಲೆ ಗಾಳಿ ಕಿಂಡಿ ಮುಚ್ಚಿಕೊಂಡು ಓಡಿಸಿದರೆ ಎರಡೂ ಒಟ್ಟಿಗೆ ಸಿಗುತ್ತವೆ.

ಬಟವಾಡಿ ಲೆಕ್ಕ

ಬಿಚ್ಚಿಸಿದೆ. ಅಶೋಕ ರಸ್ತೆ ಕಡೆಯ ಅಂಗಡಿಯಲ್ಲಿ ಹತ್ತಿರವೇ ಕೂತು ನೋಡಿದೆ. ಮುಚ್ಚಳದ ಸ್ಕ್ರೂಗಳನ್ನು ಅವರು ಒಂದು ಬಿಳಿ ಹಾಳೆ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ಇಡುತ್ತಿದ್ದರು. ಹಿಂದಿನ ಸ್ಕ್ರೂ ಉದ್ದ, ಮುಂದಿನದು ಗಿಡ್ಡ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಬೋರ್ಡಿಗೆ ತೂತು ಬೀಳುತ್ತದಂತೆ. ಎರಡು ಸ್ಕ್ರೂ ರಬ್ಬರ್ ಪಾದದ ಅಡಿಯಲ್ಲಿ ಅಡಗಿದ್ದವು. ಮುಚ್ಚಳ ತೆಗೆದಾಗ ನಡುವಿನ ಸೆಲ್ ಪೂರಿಯಂತೆ ಉಬ್ಬಿ ಕೂತಿತ್ತು, ಅಂಚಿನ ಕಪ್ಪು ಟೇಪ್ ಬಿಚ್ಚಿಕೊಂಡಿತ್ತು. ಪ್ಲಾಸ್ಟಿಕ್ ಕಡ್ಡಿಯಿಂದ ಮೊದಲು ಕನೆಕ್ಟರ್ ಬಿಡಿಸಿದರು, ಆಮೇಲೆ ಬ್ಯಾಟರಿ ಎತ್ತಿದರು. ಟಚ್‌ಪ್ಯಾಡ್ ಆಗಲೇ ಟಕ್ ಅಂತು.

ಬ್ಯಾಟರಿ ಇಲ್ಲದೆಯೇ ಚಾರ್ಜರ್ ಮೇಲೆ ಓಡುತ್ತಿದೆ. ಆದರೆ ಮನೆಗೆ ಬಂದು ಜಿಎಸ್‌ಟಿ ಸೈಟ್ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಅಂತ ಬರುತ್ತಿದೆ. ಬೇರೆ ಸೈಟುಗಳೂ ಹಾಗೆಯೇ. ಇದೇನು ಹೊಸ ತೊಂದರೆ?

ಮಧುಗಿರಿ ಕೋಟೆ

ತಾರೀಕು ನೋಡಿ ಅಕ್ಕ. ಮೂಲೆಯಲ್ಲಿ ಯಾವ ವರ್ಷ ತೋರಿಸುತ್ತಿದೆ? ಈಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಗಡಿಯಾರಕ್ಕೆ ಬೇರೆ ಸೆಲ್ ಇರುವುದಿಲ್ಲ, ದೊಡ್ಡ ಬ್ಯಾಟರಿಯಿಂದಲೇ ನಡೆಯುತ್ತದೆ. ಅದನ್ನು ತೆಗೆದರೆ ತಾರೀಕು ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಾದರೆ ಸೈಟಿನ ಸರ್ಟಿಫಿಕೇಟ್ ಹೊಂದುವುದಿಲ್ಲ.

ಬಟವಾಡಿ ಲೆಕ್ಕ

ಅದೇ! ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಸರಿಮಾಡಿದ ತಕ್ಷಣ ಎಲ್ಲಾ ತೆರೆಯಿತು. ಟ್ಯಾಲಿಯಲ್ಲಿ ತಪ್ಪು ತಾರೀಕಿನಲ್ಲಿ ಬಿಲ್ ಹಾಕುವ ಮೊದಲೇ ಗೊತ್ತಾಯಿತು, ದೇವರು ದೊಡ್ಡವನು.

ಚಿಂತಾಮಣಿ ಟೊಮೆಟೊ

ಹೊಸ ಬ್ಯಾಟರಿ ಬರುವವರೆಗೆ ಸಣ್ಣ ಯುಪಿಎಸ್ ಯಾರ ಹತ್ತಿರವಾದರೂ ಕೇಳಿ ತಂದುಕೊಳ್ಳಿ. ಡೆಸ್ಕ್‌ಟಾಪಿಗೆ ಹಾಕುವ 600 ವಿಎ ಇದ್ದರೂ ಸಾಕು. ಒಳಗಿನ ಬ್ಯಾಟರಿ ಚೆನ್ನಾಗಿದ್ದರೆ ಲ್ಯಾಪ್‌ಟಾಪ್ ಅರ್ಧ ಗಂಟೆಗೆ ಮೋಸ ಇಲ್ಲದೆ ನಡೆಯುತ್ತದೆ. ಕರೆಂಟ್ ಹೋದಾಗ ಸೇವ್ ಮಾಡಿ ಆಫ್ ಮಾಡಲು ಅಷ್ಟು ಬೇಕು. ಟ್ಯಾಲಿ ಡೇಟಾ ದಿನಾ ಪೆನ್‌ಡ್ರೈವ್‌ಗೆ ತೆಗೆದಿಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲೇ ಕೆಡಬಹುದು.

ಬಟವಾಡಿ ಲೆಕ್ಕ

ಪಕ್ಕದ ಜೆರಾಕ್ಸ್ ಅಂಗಡಿಯ ಅಣ್ಣ ಯುಪಿಎಸ್ ಕೊಟ್ಟಿದ್ದಾರೆ. ಈಗ ಹೊಸ ಬ್ಯಾಟರಿ ವಿಷಯ. ಒರಿಜಿನಲ್ ಆರು ಸಾವಿರದ ಹತ್ತಿರ ಹೇಳುತ್ತಾರೆ, ಕಂಪ್ಯಾಟಿಬಲ್, ಅಂದರೆ ಬೇರೆ ಕಂಪನಿ ಮಾಡಿದ್ದು, ಅದರ ಅರ್ಧಕ್ಕೂ ಕಡಿಮೆ. ಯಾವುದು ತಗೊಳ್ಳಲಿ?

ಕ್ಯಾತ್ಸಂದ್ರ ಹಾಸ್ಟೆಲ್

ಅಕ್ಕ, ಕಡಿಮೆಯದಕ್ಕೆ ಹೋಗಬೇಡಿ. ನಾನು ಆನ್‌ಲೈನ್‌ನಲ್ಲಿ ಅಗ್ಗದ್ದು ತರಿಸಿದ್ದೆ. ರಿಪೋರ್ಟ್‌ನಲ್ಲಿ ಡಿಸೈನ್ ಕೆಪಾಸಿಟಿ ಸರಿಯಾಗಿಯೇ ಇತ್ತು, ಆದರೆ ಒಂದು ಕ್ಲಾಸ್ ಮುಗಿಯುವುದರಲ್ಲಿ ಖಾಲಿ. ಚಿಪ್‌ನಲ್ಲಿ ಏನು ಬರೆದಿರುತ್ತಾರೋ ಅದೇ ರಿಪೋರ್ಟ್‌ನಲ್ಲಿ ಬರುತ್ತದೆ. ಆರು ತಿಂಗಳ ವಾರಂಟಿ ಅಂದಿದ್ದರು, ಈಗ ಮಾರಿದವರು ಮೆಸೇಜಿಗೆ ಉತ್ತರ ಕೊಡುತ್ತಿಲ್ಲ.

ಶಿರಾ ಗೇಟ್ ರಿಪೇರಿ

ನಾನು ಎರಡೂ ಮಾರುತ್ತೇನೆ, ಹಾಗಾಗಿ ನೇರ ಹೇಳುತ್ತೇನೆ. ಕಂಪ್ಯಾಟಿಬಲ್ ಎಲ್ಲಾ ಕೆಟ್ಟದ್ದಲ್ಲ. ನಾನು ಹಾಕಿಕೊಟ್ಟವು ವರ್ಷಗಟ್ಟಲೆ ನಡೆದಿವೆ. ಆದರೆ ಮೇಡಂ ದಿನವಿಡೀ ಮಗು ಇರುವ ಮನೆಯಲ್ಲಿ ಪ್ಲಗ್ ಹಾಕಿಕೊಂಡೇ ಕೆಲಸ ಮಾಡುವವರು. ಅಂಥವರಿಗೆ ನನ್ನ ಮಾತು ಒರಿಜಿನಲ್, ಅದೂ ಕಂಪನಿಯ ಸರ್ವಿಸ್ ಸೆಂಟರ್‌ನಿಂದ.

ಯಾವುದೇ ಆಗಲಿ, ಹಳೆಯ ಬ್ಯಾಟರಿಯ ಸ್ಟಿಕ್ಕರ್ ಫೋಟೋ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಸಾಲದು, ಒಂದೇ ಮಾಡೆಲ್‌ಗೆ ಎರಡು ಮೂರು ತರಹದ ಬ್ಯಾಟರಿ ಬರುತ್ತವೆ. ಪಾರ್ಟ್ ನಂಬರ್, ವೋಲ್ಟ್, ವ್ಯಾಟ್ ಅವರ್ ಮೂರೂ ನೋಡಿ. ಸಾಲಾಗಿ ಮೂರು ಸೆಲ್ ಇರುವುದು 11ರ ಆಸುಪಾಸು, ಸಾಲಾಗಿ ನಾಲ್ಕು ಇರುವುದು 15ರ ಆಸುಪಾಸು ವೋಲ್ಟ್, ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಸ್ಟಿಕ್ಕರ್ ಮೇಲೆ ಐಎಸ್ 16046 (ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನದಂಡ) ಅಂತ, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ. ತಯಾರಾದ ತಿಂಗಳೂ ನೋಡಿ. ಎರಡು ಮೂರು ವರ್ಷ ಗೋಡೌನ್‌ನಲ್ಲಿ ಕೂತ "ಹೊಸ" ಬ್ಯಾಟರಿ ಕೂತಲ್ಲೇ ಹಳೆಯದಾಗಿರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರುತ್ತೇನೆ ಅನ್ನುವವರಿಗೆ ಒಂದು ಮಾತು. ಫೋಟೋ ಒಯ್ಯಿರಿ. ಊದಿದ ಬ್ಯಾಟರಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬೆಳಗಿನ ರೈಲು ಹತ್ತಬೇಡಿ. ಆ ನೂಕುನುಗ್ಗಲಿನಲ್ಲಿ ಯಾರ ಮೊಣಕೈ ಎಲ್ಲಿ ಒತ್ತುತ್ತದೋ ಗೊತ್ತಾಗುವುದಿಲ್ಲ.

ಕೋಲಾರ ಮೇಷ್ಟ್ರು

ಹಾಸ್ಟೆಲ್ ತಮ್ಮಾ, ಬಿಟ್ಟುಬಿಡಬೇಡ. ಬಿಲ್, ಮೆಸೇಜ್, ಫೋಟೋ ಎಲ್ಲಾ ಒಂದು ಕಡೆ ಇಟ್ಟುಕೊಂಡು ಮೊದಲು 1915ಕ್ಕೆ ಫೋನ್ ಮಾಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಕಾಯ್ದೆಯ ಪ್ರಕಾರ ನೀನು ಇರುವ ಊರಿನಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ತೊಂದರೆಯಾದಾಗಿನಿಂದ ಎರಡು ವರ್ಷದೊಳಗೆ ಕೊಡಬೇಕು. ಮೊತ್ತ ಸಣ್ಣದು ಅಂತ ಎಲ್ಲರೂ ಸುಮ್ಮನಾಗುವುದರಿಂದಲೇ ಇಂಥವರು ಬೆಳೆಯುವುದು.

ಬಟವಾಡಿ ಲೆಕ್ಕ

ಒರಿಜಿನಲ್ ಹಾಕಿಸಿದೆ. ಬಿಲ್‌ನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿಕೊಂಡೆ. ರಿಪೋರ್ಟ್‌ನಲ್ಲಿ ಈಗ ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ. ಎಲ್ಲರ 3ಬಿ ಕೂಡ ಹೋಯಿತು, ಒಬ್ಬರದೂ ತಡವಾಗಲಿಲ್ಲ. ಈ ಸಲ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಸೆಟ್ ಮಾಡಿದ್ದೇನೆ. ಹೊಸದನ್ನು ಮೊದಲು ಎಂಟು ಗಂಟೆ ಚಾರ್ಜ್ ಮಾಡಬೇಕು ಅಂತ ಮಾವ ಹೇಳುತ್ತಿದ್ದಾರೆ, ಹೌದಾ?

ಹಳೆಯ ಬ್ಯಾಟರಿ ಇನ್ನೂ ಬಾಲ್ಕನಿಯಲ್ಲಿದೆ. ಕನೆಕ್ಟರ್‌ಗೆ ಟೇಪ್ ಸುತ್ತಿ, ಒಣ ಮರಳು ಹಾಕಿದ ಮಣ್ಣಿನ ಕುಂಡದಲ್ಲಿ ಇಟ್ಟಿದ್ದೇನೆ. ಕಸದ ಗಾಡಿಗೆ ಕೊಡಬಹುದಾ?

ಶಿರಾ ಗೇಟ್ ರಿಪೇರಿ

ಎಂಟು ಗಂಟೆಯದು ಹಳೆಯ ಕಾಲದ ನಿಕ್ಕಲ್ ಬ್ಯಾಟರಿಗಳ ಮಾತು. ಇದಕ್ಕೆ ಬೇಡ, ಸಾಮಾನ್ಯವಾಗಿ ಬಳಸಿ.

ಕಸದ ಗಾಡಿಗೆ ಖಂಡಿತ ಬೇಡ. ಗಾಡಿಯಲ್ಲಿ ಕಸವನ್ನು ಒತ್ತುತ್ತಾರೆ, ಅಲ್ಲೇ ಹೊತ್ತಿಕೊಳ್ಳುತ್ತದೆ. ಕೈಯಿಂದ ಕಸ ಬೇರೆ ಮಾಡುವ ಪೌರಕಾರ್ಮಿಕರ ಮುಖದ ಮುಂದೆ ಅದು ಹೊತ್ತಿಕೊಂಡರೆ? ಗುಜರಿಯವರಿಗೂ ಬೇಡ, ತಾಮ್ರಕ್ಕಾಗಿ ಸುತ್ತಿಗೆಯಲ್ಲಿ ಒಡೆಯುತ್ತಾರೆ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ಹಿಂದಕ್ಕೆ ಪಡೆಯುವ ಹೊಣೆ ತಯಾರಕರದ್ದು. ಬೇರೆ ಕಸಕ್ಕೆ ಸೇರಿಸದೆ ಕೊಡುವುದು ನಮ್ಮ ಹೊಣೆ. ಹೊಸದು ಹಾಕಿಸಿದ ಸರ್ವಿಸ್ ಸೆಂಟರಿಗೇ ಫೋನ್ ಮಾಡಿ, ಊದಿದೆ ಅಂತ ಮೊದಲೇ ಹೇಳಿ, ಮರಳಿನ ಸಮೇತ ಡಬ್ಬದಲ್ಲಿ ಒಯ್ದು ಕೊಡಿ. ಕೊರಿಯರ್ ಮಾಡಬೇಡಿ.

ಗೌರಿಬಿದನೂರು ಬಸ್‌ಸ್ಟ್ಯಾಂಡ್ (ಚಿಕ್ಕಬಳ್ಳಾಪುರ ಜಿಲ್ಲೆ)

ಇಡೀ ಚರ್ಚೆ ಓದಿದೆ, ಉಪಕಾರವಾಯಿತು. ನನ್ನದು ಹೊರಗಿನಿಂದ ಕಳಚುವ ಬ್ಯಾಟರಿ ಇರುವ ಹಳೆಯ ಲ್ಯಾಪ್‌ಟಾಪ್. ಇನ್ನೊಂದು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಬೀರುವಿನಲ್ಲಿ ಇಟ್ಟಿದ್ದೇನೆ, ಬೇಕಾದಾಗ ಇರಲಿ ಅಂತ. ಹಾಗೇ ಇಡಬಹುದಾ?

ಮಧುಗಿರಿ ಕೋಟೆ

ಪೂರ್ತಿ ಬೇಡ ಸರ್, ಅರ್ಧಕ್ಕೆ ಇಳಿಸಿ ಇಡಿ. ಬೀರು ಬಿಸಿಲು ಬೀಳುವ ಗೋಡೆಗೆ ತಾಗಿದ್ದರೆ ಜಾಗ ಬದಲಿಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ನೋಡಿ, ತುಂಬಾ ಇಳಿದಿದ್ದರೆ ಮತ್ತೆ ಅರ್ಧ ತುಂಬಿಸಿ. ಇಡುವ ಮೊದಲು ಟೇಬಲ್ ಮೇಲೆ ಮಲಗಿಸಿ ಅಲ್ಲಾಡುತ್ತದೆಯಾ ಅಂತಲೂ ನೋಡಿ.